ಮೊದಲ ವರ್ಷದ ರೋವರ್ ತಂಡ: ಆರು ಚಕ್ರವೋ ನಾಲ್ಕೋ, ಎಲ್ಲಿಂದ ಶುರು ಮಾಡೋದು?

ಕೆಂಗೇರಿ_ಕಡೆಯವ

ಎಲ್ಲರಿಗೂ ನಮಸ್ಕಾರ. ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ಸೆಮ್ ಓದ್ತಿದ್ದೀನಿ, ಮೆಕ್ಯಾನಿಕಲ್. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, 2023ರ ಆಗಸ್ಟ್ 23ರಂದು, ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಅದರ ಹೊಟ್ಟೆಯಿಂದ 26 ಕೆ.ಜಿ.ಯ ಪ್ರಜ್ಞಾನ್ ಹೊರಬಂದು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ನಡೆಯಿತು. ಅವತ್ತಿನಿಂದ ತಲೆಯಲ್ಲಿ ಕೂತ ಆಸೆ ಇದು. ಈ ವರ್ಷ ಕಾಲೇಜು ರೋವರ್ ಕ್ಲಬ್‌ಗೆ ಒಪ್ಪಿಗೆ ಕೊಟ್ಟಿದೆ, ಒಂದು ಹಳೇ ಡ್ರಾಯಿಂಗ್ ಹಾಲ್ ಕೂಡ ಬಿಟ್ಟುಕೊಟ್ಟಿದೆ. ಮೆಕ್ಯಾನಿಕಲ್, ಇಸಿ, ಸಿಎಸ್ ಎಲ್ಲ ಸೇರಿ ಇಪ್ಪತ್ತು ಜನ ಇದ್ದೀವಿ.

ಮೊದಲ ಮೀಟಿಂಗ್‌ನಲ್ಲೇ ಮೂರು ಗುಂಪಾಯ್ತು. ನಮ್ಮ ಬ್ರಾಂಚಿನವರು ಆರು ಚಕ್ರದ ರಾಕರ್-ಬೋಗಿನೇ (ನೆಲದ ಏರುತಗ್ಗಿಗೆ ತಕ್ಕಂತೆ ವಾಲೋ ತೋಳುಗಳಿಗೆ ಚಕ್ರ ಕೂರಿಸಿದ ರಚನೆ) ಆಗಬೇಕು ಅಂತಾರೆ. ಸಿಎಸ್‌ನವರು ತಾನೇ ದಾರಿ ಹುಡುಕಿಕೊಂಡು ಹೋಗೋ ರೋವರ್ ಮಾಡೋಣ ಅಂತಾರೆ. ಇನ್ನು ಕೆಲವರು ನೇರವಾಗಿ ಅಮೆರಿಕದ ಯುನಿವರ್ಸಿಟಿ ರೋವರ್ ಚಾಲೆಂಜ್‌ಗೇ (ಯುಆರ್‌ಸಿ) ಅರ್ಜಿ ಹಾಕೋಣ ಅಂತ ಹಟ ಹಿಡಿದಿದ್ದಾರೆ. ಕೈಯಲ್ಲಿರೋ ದುಡ್ಡು ಎರಡು ಲಕ್ಷದೊಳಗೆ. ಈ ದಾರಿಯಲ್ಲಿ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ: ಮೊದಲ ವರ್ಷ ಯಾವುದಕ್ಕೆ ಜೀವ ತೇಯಬೇಕು, ಯಾವುದನ್ನ ಬಿಡಬೇಕು?

ಉಟಾ_ಧೂಳು

ತಮ್ಮಾ, ಮೊದಲು ನಿಮ್ಮ ಇಪ್ಪತ್ತು ಜನಕ್ಕೂ ಶಹಬ್ಬಾಸ್. ನಾನು ಬೆಂಗಳೂರಿನದೇ ಒಂದು ತಂಡದಲ್ಲಿ ಓದು ಮುಗಿಯೋವರೆಗೂ ಇದ್ದವನು, ಯುಆರ್‌ಸಿ ಫೈನಲ್ಸ್‌ಗೂ ಹೋಗಿ ಬಂದಿದ್ದೀನಿ. ಸ್ವಲ್ಪ ಉದ್ದ ಬರೀತೀನಿ.

ಯುಆರ್‌ಸಿ ನಡೆಸೋದು ಮಾರ್ಸ್ ಸೊಸೈಟಿ, 2007ರಿಂದ ನಡೀತಿದೆ. ಜಾಗ ಉಟಾ ರಾಜ್ಯದ ಹ್ಯಾಂಕ್ಸ್‌ವಿಲ್ ಹತ್ತಿರದ ಮಾರ್ಸ್ ಡೆಸರ್ಟ್ ರಿಸರ್ಚ್ ಸ್ಟೇಷನ್. ಮೇ ಕೊನೆಯ ಹೊತ್ತಿಗೆ, ಬಿಸಿಲು ನೆತ್ತಿ ಸುಡೋ ಕಾಲದಲ್ಲಿ. ನಾಲ್ಕು ಮಿಷನ್ ಇರ್ತವೆ. ಗುಡ್ಡ ಹತ್ತಿಳಿದು ಸಾಮಾನು ಹುಡುಕಿ ತಲುಪಿಸೋದು ಒಂದು. ಪ್ಯಾನೆಲ್ ಮುಂದೆ ನಿಂತು ರೋಬೋ ಕೈಯಿಂದ ಸ್ವಿಚ್ ಹಾಕೋದು, ಕೀಬೋರ್ಡ್ ಒತ್ತೋದು ಇನ್ನೊಂದು. ಜಿಪಿಎಸ್ ಅಂಕಿ ಕೊಟ್ಟರೆ ಮನುಷ್ಯರ ಸಹಾಯ ಇಲ್ಲದೆ ಹೋಗಿ ಗುರುತಿನ ಕಂಬದ ಹತ್ತಿರ ನಿಲ್ಲೋದು ಮೂರನೆಯದು. ಮಣ್ಣು ತೆಗೆದು ಅದರಲ್ಲಿ ಜೀವದ ಕುರುಹು ಇದೆಯಾ ಅಂತ ಪರೀಕ್ಷೆ ಮಾಡೋದು ಕೊನೆಯದು. ಒಂದು ಮಿಷನ್‌ಗೆ ಇಳಿಸೋ ರೋವರ್ 50 ಕೆ.ಜಿ. ಮೀರಬಾರದು, ಎಲ್ಲ ಬಿಡಿಭಾಗ ಸೇರಿ 70 ಕೆ.ಜಿ. ನಡೆಸೋವ್ರು ಮುಚ್ಚಿದ ಕೋಣೆಯಲ್ಲಿ ಕೂತಿರ್ತಾರೆ. ರೋವರ್ ಅವರ ಕಣ್ಣಿಗೆ ಬೀಳಲ್ಲ, ಕ್ಯಾಮೆರಾ ತೋರಿಸಿದ್ದಷ್ಟೇ ಅವರ ಪಾಲಿಗೆ.

ನೂರರ ಆಸುಪಾಸು ತಂಡ ಹೆಸರು ಕೊಟ್ಟರೆ ಅಲ್ಲಿಗೆ ಹೋಗೋಕೆ ಅವಕಾಶ ಸಿಗೋದು ಮೂವತ್ತಾರು, ಮೂವತ್ತೆಂಟು ತಂಡಕ್ಕೆ. ಆಯ್ಕೆ ಆಗೋದು ಸಿಸ್ಟಮ್ ಅಕ್ಸೆಪ್ಟೆನ್ಸ್ ರಿವ್ಯೂ ಮೇಲೆ, ಅಂದರೆ ಒಂದು ವರದಿ ಮತ್ತು ಒಂದು ವಿಡಿಯೊ. ಆ ವಿಡಿಯೊದಲ್ಲಿ ಕಂಪ್ಯೂಟರಲ್ಲಿ ಬರೆದ ಕ್ಯಾಡ್ ಚಿತ್ರ ತಿರುಗಿಸಿ ತೋರಿಸಿದರೆ ಯಾರೂ ಸೊಪ್ಪು ಹಾಕಲ್ಲ. ರೋವರ್ ಕಲ್ಲು ಹತ್ತಬೇಕು, ಕೈ ಸಾಮಾನು ಎತ್ತಬೇಕು, ಮಣ್ಣು ತೆಗೆಯಬೇಕು. ಅದಕ್ಕೇ ಹೇಳ್ತೀನಿ, ಡಿಸೆಂಬರ್ ಮುಗಿಯೋದರೊಳಗೆ ನಿಮ್ಮ ಗಾಡಿ ಮಣ್ಣಲ್ಲಿ ಓಡ್ತಾ ಇರಬೇಕು. ರೋವರ್ ಎಷ್ಟು ಗಂಟೆ ಮಣ್ಣಲ್ಲಿ ಓಡಿದೆ ಅನ್ನೋದರ ಮೇಲೇ ಉಳಿದದ್ದೆಲ್ಲ ನಿಂತಿದೆ. ಫೈನಲ್ಸ್‌ನಲ್ಲಿ ಮುಂದೆ ಬಂದ ತಂಡಗಳ ಗಾಡಿಗಳ ಹತ್ತಿರ ಹೋಗಿ ನೋಡಿದ್ದೀನಿ. ಚಕ್ರ ಸವೆದಿರುತ್ತೆ, ಬಣ್ಣ ಕಿತ್ತಿರುತ್ತೆ, ವೈರಿಗೆಲ್ಲ ಚೀಟಿ ಅಂಟಿಸಿರ್ತಾರೆ. ಅಲ್ಲಿಗೆ ಬರೋಕೆ ಮುಂಚೆ ಊರಲ್ಲಿ ತಿಂಗಳುಗಟ್ಟಲೆ ಓಡಿಸಿರ್ತಾರೆ.

ಈಗ ಆರು ಚಕ್ರದ ವಿಷಯ. ರಾಕರ್-ಬೋಗಿ ಅದ್ಭುತವಾದ ರಚನೆ, ಅದರಲ್ಲಿ ಎರಡು ಮಾತಿಲ್ಲ. 1997ರ ಸೊಜರ್ನರ್‌ನಿಂದ ಹಿಡಿದು ನಮ್ಮ ಪ್ರಜ್ಞಾನ್‌ವರೆಗೂ ಅದೇ ಇದೆ. ಸ್ಪ್ರಿಂಗ್ ಇಲ್ಲದೇನೇ ಆರೂ ಚಕ್ರ ನೆಲ ಬಿಡದ ಹಾಗೆ ನೋಡಿಕೊಳ್ಳುತ್ತೆ, ಚಕ್ರದ ವ್ಯಾಸಕ್ಕಿಂತ ಎತ್ತರದ ಕಲ್ಲನ್ನೂ ನಿಧಾನವಾಗಿ ಹತ್ತುತ್ತೆ. ಆದರೆ ಅದರಲ್ಲಿ ಆರು ಮೋಟರ್, ಆರು ಡ್ರೈವರ್ (ಮೋಟರಿಗೆ ಕರೆಂಟ್ ಹದಮಾಡಿ ಕೊಡೋ ಬೋರ್ಡ್), ಆರು ಎನ್‌ಕೋಡರ್ (ಚಕ್ರ ಎಷ್ಟು ತಿರುಗಿತು ಅಂತ ಅಳೆಯೋ ಸೆನ್ಸರ್) ಬೇಕು, ಜತೆಗೆ ಎರಡು ಕಡೆ ಬೋಗಿ ಕೀಲು, ನಡುವೆ ಎರಡೂ ಬದಿಯನ್ನ ಜೋಡಿಸೋ ಡಿಫರೆನ್ಷಿಯಲ್. ಎರಡು ಲಕ್ಷದಲ್ಲಿ ಇಷ್ಟು ಮಾಡಿದರೆ ಕೈಗೂ ಕ್ಯಾಮೆರಾಗೂ ದುಡ್ಡು ಉಳಿಯಲ್ಲ. ನಾಲ್ಕು ಚಕ್ರ, ಎರಡೂ ಬದಿಗೆ ಒಂದೊಂದು ರಾಕರ್, ಮಧ್ಯದಲ್ಲಿ ಡಿಫರೆನ್ಷಿಯಲ್ ಬಾರ್: ಮೊದಲ ವರ್ಷಕ್ಕೆ ಇಷ್ಟು ಧಾರಾಳ. ನಾಲ್ಕು ಚಕ್ರವೂ ನೆಲದ ಮೇಲೇ ಇರುತ್ತೆ, ಎಂಟನೇ ವಾರಕ್ಕೆ ಓಡಿಸೋಕೂ ಆಗುತ್ತೆ.

ಸ್ಪರ್ಧೆ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲೇ ಇಂಟರ್‌ನ್ಯಾಷನಲ್ ರೋವರ್ ಚಾಲೆಂಜ್ ನಡೆಯುತ್ತೆ, ಮೊದಲು ಅಲ್ಲಿಗೆ ಹೋಗಿ. ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ನಮ್ಮ ಬೆಂಗಳೂರಲ್ಲೇ ಇದೆ, ಅದರ ರೋಬೋಟಿಕ್ಸ್ ಚಾಲೆಂಜನ್ನೂ ಗಮನದಲ್ಲಿಡಿ. 2024ರ ಆವೃತ್ತಿ ರೋವರ್‌ಗಾಗಿ ಇತ್ತು, ಅದರ ಮುಂದಿನದು ಡ್ರೋನ್ ಮೇಲೆ. ಹಾಗಾಗಿ ಆ ವರ್ಷದ ವಿಷಯ ಏನು ಅಂತ ಓದಿಕೊಂಡೇ ಕೈ ಹಾಕಿ.

ಪೀಣ್ಯ_ಶೆಡ್

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಓದಿದ್ದು ಐಟಿಐ, ಟರ್ನರ್. ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಮೆಷಿನ್ ಶಾಪ್ ಇದೆ. ಕಾಲೇಜು ಮಕ್ಕಳು ರೋವರ್ ಅಂತ, ರೇಸ್ ಕಾರ್ ಅಂತ ಡ್ರಾಯಿಂಗ್ ಹಿಡ್ಕೊಂಡು ಬರ್ತಿರ್ತಾರೆ. ಅವರ ಕೆಲಸ ಅಂದ್ರೆ ನನಗೆ ಇಷ್ಟ, ಅದಕ್ಕೇ ಬರೀತಿದ್ದೀನಿ.

ಡ್ರಾಯಿಂಗ್‌ನಲ್ಲಿ ಎಲ್ಲಾ ಕಡೆ 0.01 ಮಿ.ಮೀ. ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋದು) ಹಾಕಬೇಡ್ರಪ್ಪ. ಬೇರಿಂಗ್ ಕೂರೋ ಜಾಗಕ್ಕೆ ಬಿಗಿ ಬೇಕು, ಒಪ್ತೀನಿ. ಬೋಲ್ಟ್ ಹಾಕೋ ತೂತಿಗೆ, ಪ್ಲೇಟಿನ ಅಂಚಿಗೆ ಅಷ್ಟು ಯಾಕೆ? ಅದನ್ನ ನೋಡಿದ ಕೂಡಲೇ ಯಾವ ಶಾಪಿನವನಾದರೂ ರೇಟು ಏರಿಸ್ತಾನೆ, ಯಾಕಂದ್ರೆ ಅವನಿಗೆ ಅಷ್ಟು ಟೈಮ್ ಹಿಡಿಯುತ್ತೆ. ಎಲ್ಲಿ ಬೇಕೋ ಅಲ್ಲಿ ಮಾತ್ರ ಬರೆದರೆ ನಿಮ್ಮ ಎರಡು ಲಕ್ಷ ಬಹಳ ದೂರ ಬರುತ್ತೆ.

ಇನ್ನೊಂದು, ಬಗ್ಗಿಸೋ ಭಾಗಕ್ಕೆ 6061 ಟಿ6 ಅಲ್ಯೂಮಿನಿಯಂ ತಗೋಬೇಡಿ. ಬೆಂಡಿಂಗ್ ಮಷಿನ್‌ಗೆ ಕೊಟ್ಟರೆ ಮಡಿಕೆ ಮೇಲೆ ಬಿರುಕು ಬಿಡುತ್ತೆ. ಬಗ್ಗಿಸೋಕೆ 5052 ಶೀಟು, ಕಡೆದು ಮಾಡೋದಕ್ಕೆ 6061. ಡಬ್ಬಿ ತರಹದ್ದನ್ನ ವೆಲ್ಡ್ ಮಾಡೋ ಬದಲು ಲೇಸರ್ ಕಟ್ ಮಾಡಿ, ಮಡಿಸಿ, ರಿವೆಟ್ ಹೊಡೆದರೆ ಹಗುರ ಆಗುತ್ತೆ, ಬಿಚ್ಚೋಕೂ ಆಗುತ್ತೆ.

ಮೋಟರ್ ಶಾಫ್ಟಿಗೆ ಚಕ್ರ ಕೂರಿಸೋವಾಗ ಒಂದೇ ಒಂದು ಗ್ರಬ್ ಸ್ಕ್ರೂ (ಶಾಫ್ಟಿಗೆ ಒತ್ತಿ ಹಿಡಿಯೋ ತಲೆ ಇಲ್ಲದ ಸಣ್ಣ ಸ್ಕ್ರೂ) ನಂಬಬೇಡಿ. ಓಡಿ ಓಡಿ ಅದು ಸಡಿಲ ಆಗುತ್ತೆ, ಶಾಫ್ಟ್ ತಿರುಗುತ್ತೆ, ಚಕ್ರ ನಿಂತಿರುತ್ತೆ. ಶಾಫ್ಟಿಗೆ ಕೀವೇ (ಕೀಲಿ ಕೂರೋ ಗಾಡಿ) ಹೊಡೆಸಿ, ಇಲ್ಲಾ ಶಾಫ್ಟನ್ನ ಸುತ್ತ ಬಿಗಿದು ಹಿಡಿಯೋ ಕ್ಲ್ಯಾಂಪ್ ಹಬ್ ಮಾಡಿಸಿ. ಚಕ್ರದ ಭಾರವೆಲ್ಲ ಗೇರ್‌ಬಾಕ್ಸ್ ಶಾಫ್ಟ್ ಮೇಲೆ ಬೀಳದ ಹಾಗೆ ಹೊರಗಡೆ ಬೇರೆ ಬೇರಿಂಗ್ ಕೊಡಿ. ಇಷ್ಟು ಮಾಡಿದ್ರೆ ಮೋಟರ್ ಬದುಕುತ್ತೆ.

ಪೀಣ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಯು.ಆರ್. ರಾಯರು ಹುಡುಗ ಹುಡುಗಿಯರನ್ನ ಕಟ್ಟಿಕೊಂಡು ಮಾಡಿಸಿದರು, 1975ರ ಏಪ್ರಿಲ್ 19ಕ್ಕೆ ಅದು ಮೇಲೆ ಹೋಯ್ತು. ಚಂದ್ರಯಾನ-3ಕ್ಕೆ ಆಜ್ಞೆ ಹೋಗಿದ್ದೂ ಇಲ್ಲಿನ ಇಸ್ರೋ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನಿಂದಲೇ. ನೀವು ಕೆಲಸ ಹಿಡ್ಕೊಂಡು ಬರೋ ಜಾಗ ಅಂಥದ್ದು, ಸಂಕೋಚ ಪಡದೆ ಬನ್ನಿ.

ಕೆಂಗೇರಿ_ಕಡೆಯವ

ಯಜಮಾನ್ರೇ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. 5052 ವಿಷಯ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ಚಕ್ರ ಅಂದರೆ ಮೋಟರ್ ಎಷ್ಟು ಶಕ್ತಿಯದ್ದು ಬೇಕು? ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಒಬ್ಬರು 35 ಕೆ.ಜಿ. ಸಾಕು ಅಂತಾರೆ, ಇನ್ನೊಬ್ಬರು 120 ತಗೊಳ್ಳಿ ಅಂತಾರೆ.

ಪಾಠದ_ಮೇಡಂ

ಲೆಕ್ಕ ನೀವೇ ಮಾಡಬಹುದು, ಮೊದಲ ಸೆಮ್‌ನ ಮೆಕ್ಯಾನಿಕ್ಸ್ ಸಾಕು. ನಿಮ್ಮ ರೋವರ್ 30 ಕೆ.ಜಿ. ಎಂದಿಟ್ಟುಕೊಳ್ಳಿ, 30 ಡಿಗ್ರಿ ಇಳಿಜಾರು ಹತ್ತಬೇಕು. ತೂಕದ ಯಾವ ಪಾಲು ಹಿಂದಕ್ಕೆ ಎಳೆಯುತ್ತದೆ? 30 × 9.8 × 0.5, ಅಂದರೆ 147 ನ್ಯೂಟನ್. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ ಸುಮಾರು 37. ಚಕ್ರದ ವ್ಯಾಸ 24 ಸೆಂ.ಮೀ. ಆದರೆ ತ್ರಿಜ್ಯ 0.12 ಮೀಟರ್, ಗುಣಿಸಿದರೆ 4.4 ನ್ಯೂಟನ್-ಮೀಟರ್. ಅಂಗಡಿಯವರು ಹೇಳುವ ಅಳತೆಯಲ್ಲಿ ಇದು 45 ಕೆ.ಜಿ.-ಸೆಂ.ಮೀ.

ಇಲ್ಲಿಗೆ ನಿಲ್ಲಿಸಬೇಡಿ. ಮೆತ್ತನೆ ಮಣ್ಣಿನ ಎಳೆತ ಇದರಲ್ಲಿ ಸೇರಿಲ್ಲ. ಕಲ್ಲಿನ ಮೇಲೆ ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಬೀಳುವುದಿಲ್ಲ, ಹತ್ತುವಾಗ ಹಿಂದಿನ ಎರಡು ಚಕ್ರವೇ ಹೆಚ್ಚು ಹೊರುತ್ತವೆ. ಮೋಟರಿನ ಮೇಲೆ ಬರೆದಿರುವುದು ಬಹಳ ಸಲ ಸ್ಟಾಲ್ ಟಾರ್ಕ್, ಅಂದರೆ ಮೋಟರ್ ಪೂರ್ತಿ ನಿಂತುಹೋಗುವ ಹಂತದ ಅಂಕಿ. ಅದರ ಮೂರನೇ ಒಂದು ಭಾಗದಲ್ಲಿ ಕೆಲಸ ಮಾಡುವಂತೆ ಆರಿಸಿದರೆ ಮೋಟರ್ ಬಿಸಿಯಾಗಿ ಸುಡುವುದಿಲ್ಲ. ಹಾಗಾಗಿ ನಿಮ್ಮ ಎರಡನೆಯ ಅಂಗಡಿಯವರು ಹೇಳಿದ್ದೇ ಸತ್ಯಕ್ಕೆ ಹತ್ತಿರ. ವೇಗ 60 ಆರ್‌ಪಿಎಂ ಇದ್ದರೆ ಸೆಕೆಂಡಿಗೆ ಮುಕ್ಕಾಲು ಮೀಟರ್ ಹೋಗುತ್ತದೆ. ಅದಕ್ಕಿಂತ ವೇಗದ ಆಸೆ ಈ ವರ್ಷ ಬೇಡ.

ಖರೀದಿಗೆ ಮುಂಚೆ ಒಂದೇ ಒಂದು ಮೋಟರ್ ತಂದು, ಶಾಫ್ಟಿಗೆ ಕೋಲು ಕಟ್ಟಿ, ತುದಿಗೆ ತಕ್ಕಡಿ ಸಿಕ್ಕಿಸಿ ಅಳೆಯಿರಿ. ಆಗ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತಲೂ ಬರೆದಿಟ್ಟುಕೊಳ್ಳಿ. ಡ್ರೈವರ್, ವೈರ್, ಫ್ಯೂಸ್ ಎಲ್ಲ ಆ ಅಂಕಿಯ ಮೇಲೇ ನಿರ್ಧಾರವಾಗುತ್ತದೆ.

ಕೋಡ್_ಬರೆಯೋಳು

ಸಿಎಸ್ ಪರವಾಗಿ ನಾನು ಮಾತಾಡ್ತೀನಿ. ಮೊದಲು ಗಾಡಿ ಓಡಲಿ, ಆಮೇಲೆ ಸಾಫ್ಟ್‌ವೇರ್ ಅನ್ನೋ ಮಾತು ಈ ಕ್ಲಬ್‌ಗಳಲ್ಲಿ ಯಾವಾಗಲೂ ಕೇಳಿಸುತ್ತೆ, ಅದು ನನಗೆ ಒಪ್ಪಿಗೆ ಇಲ್ಲ. ಮೆಕ್ಯಾನಿಕಲ್ ಕೆಲಸ ಎರಡು ತಿಂಗಳು ತಡ ಆಗುತ್ತೆ, ಉಳಿದ ಒಂದು ವಾರದಲ್ಲಿ ಎಲ್ಲ ಕೋಡ್ ಸರಿಹೋಗಬೇಕು ಅಂತಾರೆ. ಆಗಲ್ಲ. ಆರ್‌ಒಎಸ್ (ರೋಬೋಗಳಿಗೆ ಕೋಡ್ ಬರೆಯೋ ಸಾಫ್ಟ್‌ವೇರ್ ಚೌಕಟ್ಟು) ಕಲಿಯೋದಕ್ಕೇ ಎರಡನೇ ವರ್ಷದವರಿಗೆ ಒಂದು ಸೆಮಿಸ್ಟರ್ ಬೇಕು. ಗಜೀಬೊ ಸಿಮ್ಯುಲೇಟರ್‌ನಲ್ಲಿ ಮೊದಲ ದಿನದಿಂದ ಓಡಿಸ್ತಾ ಇದ್ದರೆ ಗಾಡಿ ಬಂದ ದಿನ ಅರ್ಧ ಕೆಲಸ ಮುಗಿದಿರುತ್ತೆ.

ಉಟಾ_ಧೂಳು

ಅಕ್ಕಾ, ಸಾಫ್ಟ್‌ವೇರ್ ತಂಡ ಕಾಯ್ತಾ ಕೂರಬಾರದು ಅನ್ನೋದಕ್ಕೆ ನನ್ನದೂ ನೂರಕ್ಕೆ ನೂರು ಒಪ್ಪಿಗೆ. ಆದರೆ ಸಿಮ್ಯುಲೇಟರ್‌ನಲ್ಲಿ ಧೂಳಿಲ್ಲ, ಜಾರೋ ಜಲ್ಲಿ ಇಲ್ಲ. ಚಕ್ರ ತಿರುಗಿದಷ್ಟು ದೂರ ಗಾಡಿ ಹೋಗಿದೆ ಅಂತ ಅದು ಹೆಚ್ಚುಕಡಿಮೆ ನಂಬಿಬಿಡುತ್ತೆ. ನಿಜವಾದ ಮಣ್ಣಲ್ಲಿ ಚಕ್ರ ಹತ್ತು ಸುತ್ತು ತಿರುಗಿ ಗಾಡಿ ಆರು ಸುತ್ತಿನಷ್ಟೇ ಮುಂದೆ ಹೋಗಿರಬಹುದು. ದಿಕ್ಸೂಚಿ ಸೆನ್ಸರ್ ಮೋಟರಿನ ಪಕ್ಕ ಕೂತರೆ ಉತ್ತರ ಯಾವುದು ಅಂತಲೇ ಮರೆತುಬಿಡುತ್ತೆ.

ನಾನು ಕಂಡ ಒಳ್ಳೆ ದಾರಿ ಇದು: ಮರದ ಹಲಗೆ, ನಾಲ್ಕು ಅಗ್ಗದ ಮೋಟರ್, ಅದೇ ಕ್ಯಾಮೆರಾ, ಅದೇ ಜಿಪಿಎಸ್, ಅದೇ ಕಂಪ್ಯೂಟರ್ ಇಟ್ಟು ಒಂದು ಪುಟ್ಟ ಗಾಡಿ ಮೊದಲ ತಿಂಗಳಲ್ಲೇ ಸಾಫ್ಟ್‌ವೇರ್‌ನವರಿಗೆ ಮಾಡಿಕೊಡೋದು. ಅದನ್ನ ಕಾಲೇಜು ಮೈದಾನದಲ್ಲಿ ಓಡಿಸ್ತಾ ಕೋಡ್ ಬರೀತಾರೆ. ದೊಡ್ಡ ಗಾಡಿ ತಯಾರಾದಾಗ ಕಂಪ್ಯೂಟರ್ ಇರೋ ಡಬ್ಬಿ ಬಿಚ್ಚಿ ಅದರ ಮೇಲೆ ಕೂರಿಸಿದರೆ ಆಯ್ತು.

ಕೋಡ್_ಬರೆಯೋಳು

ಹಲಗೆ ಗಾಡಿಗೆ ನನ್ನ ಓಟು. ಅದಾದರೆ ನಾನು ಸಿಮ್ಯುಲೇಟರ್ ವಿಷಯ ಮತ್ತೆ ಎತ್ತಲ್ಲ.

ಬಾಗಲಕೋಟಿ_ಡಿಪ್ಲೊಮಾ

ನಮಸ್ಕಾರ್ರಿ. ನಾ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ ಮ್ಯಾಲೆ ಎರಡನೇ ವರ್ಷಕ್ಕ ಬೆಂಗಳೂರಿಗೆ ಬಂದಾಕಿ. ಇಲ್ಲಿ ಕ್ಲಬ್ ಸೇರಾಕ ಇಂಟರ್‌ವ್ಯೂ ಇಟ್ಟಿದ್ರು, ಎಲ್ಲಾ ಇಂಗ್ಲಿಷಿನ್ಯಾಗ. ನನ್ನ ಜೋಡಿ ಬಂದ ಡಿಪ್ಲೊಮಾ ಹುಡುಗರು ಅರ್ಧ ಮಂದಿ ಒಳಗ ಹೋಗಲೇ ಇಲ್ಲ, ಬಾಗಿಲದಾಗಿಂದನ ವಾಪಸ್ ಹೋದ್ರು. ಅವರು ಲೇತ್ ಮ್ಯಾಲೆ ನಿಂತು ಕೆಲಸ ಮಾಡಿದವರು, ಫೈಲ್ ಹಿಡದು ಹೊಂದಿಸಿದವರು, ಸೋಲ್ಡರಿಂಗ್ ಕೈಗೆ ಕೂತವರು. ಮೂರು ವರ್ಷ ಅದನ್ನ ಕಲತೇವ್ರಿ ನಾವು. ಕೆಂಗೇರಿ ಅಣ್ಣಾರ, ನಿಮ್ಮ ಕ್ಲಬ್ಬಿನ್ಯಾಗ ಆರಿಸೋವಾಗ ಒಂದು ಟೇಬಲ್ ಮ್ಯಾಲೆ ಮುರದದ್ದೊಂದು ಗೇರ್‌ಬಾಕ್ಸ್ ಇಡ್ರಿ, ಒಂದು ಕೆಟ್ಟ ಬೋರ್ಡ್ ಇಡ್ರಿ. ಯಾರು ಬಿಚ್ಚಿ ನೋಡ್ತಾರ, ಏನು ಕೇಳ್ತಾರ, ಅದನ್ನ ನೋಡ್ರಿ. ಕನ್ನಡದಾಗ ಕೇಳಿದ್ರೂ ಉತ್ತರ ಕೊಡ್ರಿ. ನನಗೆ ಹಂಗ ಒಬ್ಬ ಸೀನಿಯರ್ ಅಕ್ಕ ಕೈ ಹಿಡದು ಕರಕೊಂಡು ಹೋದ್ರು, ಈಗ ಚಾಸಿ ಕೆಲಸ ಎಲ್ಲಾ ನಾನ ನೋಡ್ಕೋತೀನಿ.

ಇನ್ನೊಂದು ಮಾತು. ಹಾಸ್ಟೆಲ್ ಹುಡುಗಿಯರು ರಾತ್ರಿ ಲ್ಯಾಬಿನ್ಯಾಗ ಇರಾಕ ಬಿಡಂಗಿಲ್ಲ. ಮುಖ್ಯ ಜೋಡಣಿ ಕೆಲಸ ರಾತ್ರಿ ಹತ್ತಕ್ಕ ಇಟ್ರ ನಾವು ಬರೇ ಮರುದಿನ ಫೋಟೊ ನೋಡಬೇಕಾಗ್ತದ. ಶನಿವಾರ, ಭಾನುವಾರ ಮುಂಜಾನೆ ಇಡ್ರಿ.

ಪೀಣ್ಯ_ಶೆಡ್

ತಂಗಿ ಹೇಳಿದ್ದು ಅಕ್ಷರಶಃ ನಿಜ. ಡ್ರಾಯಿಂಗ್ ತರೋ ಹುಡುಗರಲ್ಲಿ ಯಾರು ಒಂದು ಸಲನಾದ್ರೂ ಮೆಷಿನ್ ಮುಂದೆ ನಿಂತಿದ್ದಾರೆ ಅಂತ ಡ್ರಾಯಿಂಗ್ ನೋಡಿದ್ರೇ ಗೊತ್ತಾಗುತ್ತೆ. ಟೂಲು ಒಳಗೆ ಹೋಗೋಕೆ ಜಾಗ ಬಿಟ್ಟಿರ್ತಾರೆ.

ಹ್ಯಾಮ್_ಕಿವಿ

ರೇಡಿಯೊ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ರೋವರ್ ಎಷ್ಟೇ ಗಟ್ಟಿ ಇದ್ದರೂ ಗುಡ್ಡದ ಹಿಂದೆ ಹೋಗಿ ಸಂಪರ್ಕ ಕಡಿದರೆ ಅಲ್ಲಿಗೆ ಆಟ ಮುಗೀತು.

ಹೆಚ್ಚಿನ ತಂಡಗಳು 2.4 ಗಿಗಾಹರ್ಟ್ಸ್ ರೇಡಿಯೊ ಹಾಕ್ತಾರೆ. ನಿಮ್ಮ ಕಾಲೇಜು ಆವರಣದಲ್ಲಿ ಹಾಸ್ಟೆಲ್ ವೈಫೈ, ಬ್ಲೂಟೂತ್ ಎಲ್ಲ ಅಲ್ಲೇ ಕಿರುಚಾಡ್ತಿರುತ್ತೆ, ಅದಕ್ಕೇ ಇಲ್ಲಿ ಇನ್ನೂರು ಮೀಟರಿಗೇ ವಿಡಿಯೊ ತಡವರಿಸಬಹುದು. ಊರಾಚೆ ಬಯಲಲ್ಲಿ ಪರೀಕ್ಷೆ ಮಾಡಿದರೆ ನಿಜವಾದ ದೂರ ಗೊತ್ತಾಗುತ್ತೆ. ಆಂಟೆನಾ ಎತ್ತರ ಬಹಳ ಮುಖ್ಯ. 500 ಮೀಟರ್ ದೂರದ ಸಂಪರ್ಕಕ್ಕೆ ಈ ತರಂಗಾಂತರದಲ್ಲಿ ದಾರಿಯ ನಡುಭಾಗದಲ್ಲಿ ಸುಮಾರು 4 ಮೀಟರ್ ತ್ರಿಜ್ಯದ ಜಾಗ ಬೇಕು, ಅದರ ಬಹುಪಾಲು ಖಾಲಿ ಇರಬೇಕು. ನೇರ ಕಣ್ಣಿಗೆ ಕಂಡರೆ ಸಾಕು ಅಂದುಕೊಂಡು ಆಂಟೆನಾನ ಟೇಬಲ್ ಮೇಲೆ ಇಟ್ಟರೆ ನೆಲವೇ ಸಿಗ್ನಲ್ ತಿಂದುಹಾಕುತ್ತೆ. ಬೇಸ್ ಸ್ಟೇಷನ್‌ಗೆ ಒಂದು ಎತ್ತರದ ಮಡಚೋ ಕಂಬ ಮಾಡಿಸಿ.

ಯುಆರ್‌ಸಿಯಲ್ಲಿ 900 ಮೆಗಾಹರ್ಟ್ಸ್ ಕೂಡ ಬಳಸ್ತಾರೆ, ಅದು ಗುಡ್ಡಗಳ ಸುತ್ತ ಸ್ವಲ್ಪ ಚೆನ್ನಾಗಿ ಬಾಗುತ್ತೆ. ಆದರೆ ಅಮೆರಿಕದಲ್ಲಿ ಲೈಸೆನ್ಸ್ ಬೇಡದ 902ರಿಂದ 928 ನಮ್ಮಲ್ಲಿ ಹಾಗಿಲ್ಲ, ಇಲ್ಲಿ ಆ ಕಡೆ ಮೊಬೈಲ್ ಕಂಪನಿಗಳ ಜಾಗ ಇದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಟ್ಟಿರೋದು 865ರಿಂದ 868. ಅಲ್ಲಿನ ರೇಡಿಯೊ ಇಲ್ಲಿ ಆನ್ ಮಾಡೋದು ಕಾನೂನಿಗೆ ವಿರುದ್ಧ. ಆವರ್ತನ ಬದಲಾಯಿಸೋಕೆ ಬರುವಂಥ ಮಾಡ್ಯೂಲ್ ಆರಿಸಿ, ಇಲ್ಲಿ 866ರಲ್ಲಿ ಅಭ್ಯಾಸ ಮಾಡಿ, ಅಲ್ಲಿ ಹೋದಾಗ ಬದಲಿಸಿ.

ಬಯೋಟೆಕ್_ಬೆಂಚು

ಕೆಂಗೇರಿ ಅವರೇ, ನಿಮ್ಮ ಪಟ್ಟಿಯಲ್ಲಿ ಬಯೋಟೆಕ್ನಾಲಜಿಯವರು ಒಬ್ಬರೂ ಇಲ್ಲ. ನಾಲ್ಕರಲ್ಲಿ ಒಂದು ಮಿಷನ್ ಪೂರ್ತಿ ನಮ್ಮದು! ಮಣ್ಣಿನಲ್ಲಿ ಈಗ ಜೀವ ಇದೆಯಾ, ಹಿಂದೆ ಇತ್ತಾ, ಯಾವತ್ತೂ ಇರಲಿಲ್ಲವಾ ಅಂತ ತೀರ್ಪು ಹೇಳಿ ಜಡ್ಜ್‌ಗಳ ಮುಂದೆ ಸಮರ್ಥಿಸಿಕೊಳ್ಳಬೇಕು. ಪ್ರೊಟೀನ್‌ಗೆ ಬಯೂರೆಟ್, ಅಮೈನೊ ಆಮ್ಲಕ್ಕೆ ನಿನ್‌ಹೈಡ್ರಿನ್, ಎರಡರಲ್ಲೂ ನೇರಳೆ ಬಣ್ಣ ಬಂದರೆ ಇದೆ ಅಂತ ಪುಸ್ತಕ ಹೇಳುತ್ತೆ. ನಮ್ಮ ಬೆಂಗಳೂರಿನ ಕೆಂಪು ಮಣ್ಣಲ್ಲಿ ಮಾಡಿ ನೋಡಿ. ಕಬ್ಬಿಣದ ಆಕ್ಸೈಡ್ ನೀರಿಗಿಳಿದು ದ್ರಾವಣವೇ ಕೆಂಪಾಗಿರುತ್ತೆ, ಬಣ್ಣ ಓದೋ ಸೆನ್ಸರ್‌ಗೆ ನೇರಳೆ ಯಾವುದು, ಮಣ್ಣು ಯಾವುದು ತಿಳಿಯಲ್ಲ. ಮೊದಲು ಸೋಸಬೇಕು, ರಾಸಾಯನಿಕ ಹಾಕದ ಅದೇ ಮಣ್ಣಿನ ದ್ರಾವಣವನ್ನ ಪಕ್ಕದಲ್ಲಿಟ್ಟು ಹೋಲಿಸಬೇಕು. ಕೆಂಪು ಮಣ್ಣಲ್ಲಿ ಸರಿಯಾಗಿ ಓದೋ ಪೆಟ್ಟಿಗೆ ಮಾಡಿದರೆ ಉಟಾದ ಕೆಂಪು ಗುಡ್ಡಗಳಿಗೂ ಅದು ತಯಾರಾದ ಹಾಗೇ. ಇಷ್ಟು ಕೆಲಸಕ್ಕೆ ದುಬಾರಿ ಯಂತ್ರ ಏನೂ ಬೇಡ, ಒಂದು ಪಂಪು, ನಾಲ್ಕು ಗಾಜಿನ ಕೊಳವೆ, ಎಲ್‌ಇಡಿ, ಬಣ್ಣದ ಸೆನ್ಸರ್ ಸಾಕು. ಲ್ಯಾಬಿನಲ್ಲಿ ಕೂತು ಈಗಲೇ ಶುರು ಮಾಡಬಹುದು, ಗಾಡಿಗೆ ಕಾಯೋ ಹಾಗೇ ಇಲ್ಲ.

ಕೆಂಗೇರಿ_ಕಡೆಯವ

ನಾಳೆನೇ ಬಯೋಟೆಕ್ ಬ್ಲಾಕ್‌ಗೆ ಹೋಗ್ತೀನಿ. ಓಡಿಸೋದಕ್ಕೆ ಜಾಗದ ಬಗ್ಗೆಯೂ ಹೇಳ್ತೀರಾ? ನಮ್ಮ ಮೈದಾನ ಸಪಾಟಾಗಿದೆ.

ಉಟಾ_ಧೂಳು

ಕಾಲೇಜು ಹಿಂದೆ ಕಟ್ಟಡ ಕಾಮಗಾರಿ ನಡೀತಿದ್ದರೆ ಅಗೆದ ಮಣ್ಣಿನ ರಾಶಿ ಸಿಗುತ್ತೆ, ಮೇಸ್ತ್ರಿ ಹತ್ತಿರ, ಎಸ್ಟೇಟ್ ಆಫೀಸ್ ಹತ್ತಿರ ಕೇಳಿ ಅನುಮತಿ ತಗೊಳ್ಳಿ. ತುರಹಳ್ಳಿ ಕಾಡಿಗೆ ಮಾತ್ರ ಹೋಗಬೇಡಿ, ಅದು ಅರಣ್ಯ ಇಲಾಖೆಯದ್ದು, ಇರೋ ಚೂರು ಕಾಡು ಹಾಗೇ ಉಳೀಲಿ. ಎಂ-ಸ್ಯಾಂಡ್ ಗುಡ್ಡೆ ಮೇಲೆ ಓಡಿಸಿ ಮರಳಿನ ಅಭ್ಯಾಸ ಆಯ್ತು ಅಂತ ಅಂದುಕೊಳ್ಳಬೇಡಿ. ಅದು ಕಲ್ಲು ಪುಡಿ ಮಾಡಿದ್ದು, ಕಣಗಳು ಚೂಪಾಗಿ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನಿಲ್ಲುತ್ತವೆ. ಗಾಳಿಗೆ ಸವೆದ ನುಣುಪು ಮರಳಲ್ಲಿ ಚಕ್ರ ಬೇರೆ ತರಹ ಹೂಳುತ್ತೆ.

ಓಡಿಸೋವಾಗ ಡ್ರೈವರ್‌ನ ರೋವರ್ ಕಾಣದ ಕೋಣೆಯಲ್ಲಿ ಕೂರಿಸಿ. ಇದು ನಾನು ಕೊಡೋ ಅತಿ ಮುಖ್ಯ ಸಲಹೆ. ಪಕ್ಕದಲ್ಲಿ ನಿಂತು ಓಡಿಸೋದಕ್ಕೂ ಎರಡು ಕ್ಯಾಮೆರಾ ನಂಬಿ ಓಡಿಸೋದಕ್ಕೂ ಸಂಬಂಧವೇ ಇಲ್ಲ. ಕ್ಯಾಮೆರಾದಲ್ಲಿ ಇಳಿಜಾರು ಸಪಾಟಾಗಿ ಕಾಣುತ್ತೆ, ಗುಂಡಿಯ ಆಳ ತಿಳಿಯಲ್ಲ. ಪ್ರಜ್ಞಾನ್ ಎದುರಿಗೆ 2023ರ ಆಗಸ್ಟ್ 27ರಂದು 4 ಮೀಟರ್ ಅಗಲದ ಗುಂಡಿ ಬಂತು. 3 ಮೀಟರ್ ದೂರ ಇರೋವಾಗಲೇ ಅದನ್ನ ಗುರುತಿಸಿ ಹಿಂದಕ್ಕೆ ತಿರುಗಿಸಿ ಬೇರೆ ದಾರಿ ಹಿಡಿಸಿದರು. ಹಾಗೆ ಹೊತ್ತಿಗೆ ಸರಿಯಾಗಿ ನಿಲ್ಲಿಸೋ ಕಲೆ ಅಭ್ಯಾಸದಿಂದಲೇ ಬರಬೇಕು.

ಏನಾದರೂ ಕೆಟ್ಟಾಗ ಮುಂದೇನು ಅಂತಲೂ ಅಭ್ಯಾಸ ಮಾಡಿ. ನಾಸಾದ ಸ್ಪಿರಿಟ್ ರೋವರಿನ ಮುಂದಿನ ಬಲ ಚಕ್ರ 2006ರಲ್ಲಿ ನಿಂತುಹೋಯ್ತು. ಅವರು ಗಾಡೀನ ಹಿಮ್ಮುಖವಾಗಿ ನಡೆಸಿದರು, ಸತ್ತ ಚಕ್ರ ನೆಲ ಗೀರ್ತಾ ಹಿಂದೆ ಬಂತು. ಆ ಗೀರಿನಲ್ಲೇ 2007ರಲ್ಲಿ ಬಿಳಿ ಮಣ್ಣು ಎದ್ದು ಬಂತು, ನೋಡಿದರೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಹಿಂದೆ ಅಲ್ಲಿ ಬಿಸಿನೀರು ಇದ್ದಿರಬೇಕು ಅನ್ನೋದಕ್ಕೆ ಒಳ್ಳೆ ಪುರಾವೆ ಅದು. ಆದ್ದರಿಂದ ಒಂದು ಭಾನುವಾರ ಬೇಕಂತಲೇ ಒಂದು ಮೋಟರಿನ ವೈರ್ ಕಿತ್ತು ಉಳಿದ ಮೂರು ಚಕ್ರದಲ್ಲಿ ಮಿಷನ್ ಮುಗಿಸಿ ಅಂತ ಡ್ರೈವರ್‌ಗೆ ಹೇಳಿ. ಅವತ್ತು ತಂಡ ಕಲಿಯೋದು ಒಂದು ತಿಂಗಳ ಮೀಟಿಂಗ್‌ನಲ್ಲೂ ಕಲಿಯಲ್ಲ.

ಮಗಳ_ಅಪ್ಪ_ತುಮಕೂರು

ನನ್ನ ಮಗಳು ಬೆಂಗಳೂರಿನಲ್ಲಿ ಇಂಥದೇ ಒಂದು ಕ್ಲಬ್‌ನಲ್ಲಿದ್ದಾಳೆ. ಅಟೆಂಡೆನ್ಸ್ 85 ಪರ್ಸೆಂಟ್ ಬೇಕು ಅಂತ ವಿಟಿಯು ನಿಯಮ ಇದೆ. ಅವಳು ಫೋನ್ ಮಾಡಿದಾಗಲೆಲ್ಲ ವರ್ಕ್‌ಶಾಪಿನಲ್ಲೇ ಇರ್ತಾಳೆ. ಓದು ಹಿಂದೆ ಬೀಳುತ್ತಾ ಅಂತ ಚಿಂತೆ. ದಯವಿಟ್ಟು ಯಾರಾದರೂ ನಿಜ ಹೇಳಿ.

ಪಾಠದ_ಮೇಡಂ

ಸರ್, ನಿಮ್ಮ ಚಿಂತೆ ನ್ಯಾಯವಾದದ್ದು. ಕೆಲವರದ್ದು ಹಿಂದೆ ಬೀಳುತ್ತದೆ, ಅದನ್ನು ಮುಚ್ಚಿಡಬಾರದು. ನಾನು ಸಲಹೆಗಾರ್ತಿ ಆಗಿರುವ ತಂಡದಲ್ಲಿ ಇಂಟರ್ನಲ್ಸ್ ವಾರ ವರ್ಕ್‌ಶಾಪಿಗೆ ಬೀಗ ಹಾಕುತ್ತೇವೆ, ಅಟೆಂಡೆನ್ಸ್ ಕಡಿಮೆ ಆದವರನ್ನು ಆ ತಿಂಗಳು ಕೆಲಸದಿಂದ ಬಿಡಿಸುತ್ತೇವೆ. ನಿಮ್ಮ ಮಗಳ ತಂಡದ ಸಲಹೆಗಾರರಿಗೆ ಒಂದು ಫೋನ್ ಮಾಡಿ ಈ ಎರಡು ವಿಷಯ ಕೇಳಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಂಗೇರಿಯವರಿಗೆ ದುಡ್ಡಿನ ವಿಷಯ ಹೇಳಬೇಕಿತ್ತು. ಕಾಲೇಜಿನ ದುಡ್ಡು ಸಾಮಾನ್ಯವಾಗಿ ಮೂರು ಕೊಟೇಷನ್, ಪರ್ಚೇಸ್ ಕಮಿಟಿ, ಬಿಲ್ಲು ಅಂತ ಸುತ್ತಿ ಬರುತ್ತದೆ. ಮೋಟರಿನಂಥ ಮುಖ್ಯ ವಸ್ತುವಿನ ಕಾಗದಪತ್ರ ಇವತ್ತೇ ಶುರು ಮಾಡಿ. ಅಂತಿಮ ವರ್ಷದವರು ಇದನ್ನೇ ಪ್ರಾಜೆಕ್ಟ್ ಆಗಿ ತೆಗೆದುಕೊಂಡರೆ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಯೋಜನಾ ಕಾರ್ಯಕ್ರಮಕ್ಕೆ ಅರ್ಜಿ ಹಾಕಬಹುದು. ಅದರ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇದೆ. ಮೊತ್ತ ಸಣ್ಣದು, ಆದರೆ ರೋಬೋ ಕೈಯನ್ನು, ಮಣ್ಣು ಪರೀಕ್ಷೆಯ ಪೆಟ್ಟಿಗೆಯನ್ನು ಬೇರೆ ಬೇರೆ ಪ್ರಾಜೆಕ್ಟ್ ಮಾಡಿದರೆ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ಬರೆದಿಡಿ. ಯಾವ ಮೋಟರ್ ಎಲ್ಲಿ ಕೊಂಡಿರಿ, ಯಾಕೆ ಆರಿಸಿದಿರಿ, ಯಾವ ಪಿನ್ ಎಲ್ಲಿಗೆ ಹೋಗುತ್ತದೆ, ಎಲ್ಲ ಒಂದೇ ಪುಸ್ತಕದಲ್ಲಿ. ಏಳನೇ ಸೆಮ್ ಬಂದಾಗ ಪ್ಲೇಸ್‌ಮೆಂಟ್ ಗದ್ದಲದಲ್ಲಿ ಸೀನಿಯರ್‌ಗಳು ಹೊರಟುಬಿಡುತ್ತಾರೆ. ಪುಸ್ತಕ ಇಲ್ಲದ ಕ್ಲಬ್ ಪ್ರತಿ ವರ್ಷ ಮೊದಲ ವರ್ಷವನ್ನೇ ಮತ್ತೆ ಮಾಡುತ್ತದೆ.

ಉಟಾ_ಧೂಳು

ಮೇಡಂ ಹೇಳಿದ್ದಕ್ಕೆ ಕೈಮುಗಿದೆ. ಯುಆರ್‌ಸಿ ಆಸೆ ಇದ್ದವರಿಗೆ ಒಂದೆರಡು ಮಾತು, ಮುಂದಿನ ವರ್ಷಕ್ಕಾದರೂ ಉಪಯೋಗಕ್ಕೆ ಬರಲಿ. ವೀಸಾ ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗಿ ಬಂದರು, ದಿನಾಂಕ ಸಿಗೋದೇ ಕಷ್ಟ. ಆಯ್ಕೆ ಪಟ್ಟಿಗೆ ಕಾಯ್ತಾ ಕೂರಬೇಡಿ. ರೋವರ್ ವಿಮಾನದಲ್ಲಿ ಹೋಗಿ ವಾಪಸ್ ಬರೋದಕ್ಕೆ ಸುಂಕದ ರಗಳೆ ಆಗದ ಹಾಗೆ ಎಟಿಎ ಕಾರ್ನೆ ಅನ್ನೋ ಪತ್ರ ಇದೆ, ನಮ್ಮ ದೇಶದಲ್ಲಿ ವಾಣಿಜ್ಯ ಮಂಡಳಿಗಳ ಒಕ್ಕೂಟ ಎಫ್‌ಐಸಿಸಿಐ ಕೊಡುತ್ತೆ.

ಬ್ಯಾಟರಿ ದೊಡ್ಡ ತಲೆನೋವು. ವಿಮಾನದಲ್ಲಿ ಪ್ರಯಾಣಿಕರು 100 ವಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿ ಒಯ್ಯಬಹುದು, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲ. ಆರು ಸೆಲ್‌ನ 22.2 ವೋಲ್ಟ್, 16 ಆಂಪಿಯರ್-ಅವರ್ ಲಿಪೊ (ಲಿಥಿಯಂ ಪಾಲಿಮರ್) ಪ್ಯಾಕ್ 355 ವಾಟ್-ಅವರ್ ಆಗುತ್ತೆ, ಹಾಗಾಗಿ ಅದನ್ನ ಇಲ್ಲೇ ಬಿಟ್ಟು ಅಲ್ಲೇ ಕೊಳ್ಳಬೇಕು. ಅಲ್ಲಿ ಸಿಗೋ ಅಳತೆಯ ಪ್ಯಾಕ್ ಕೂರೋ ಹಾಗೆ ಪೆಟ್ಟಿಗೇನ ಸ್ವಲ್ಪ ದೊಡ್ಡದಾಗಿ ಮಾಡಿಸಿ. ಬಿಸಿಲಿನ ವಿಷಯ ಬಂದಾಗ ನೆನಪಾಯ್ತು: ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ಭಾಗ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಬಿಸಿಲಿಗೆ ನಿಂತ ಕಪ್ಪು ಪೆಟ್ಟಿಗೆಯ ಒಳಗೆ ಅಷ್ಟು ಸುಲಭವಾಗಿ ಏರಬಹುದು. ಮೋಟರ್ ಹಿಡಿಕೆ, ಕೈಯ ಕೀಲು ಇಂಥದಕ್ಕೆ ಪಿಇಟಿಜಿ ಇಲ್ಲಾ ಎಬಿಎಸ್ ಹಾಕಿ.

ಕೆಂಪು ಎಮರ್ಜೆನ್ಸಿ ಸ್ಟಾಪ್ ಬಟನ್ ಹೊರಗಡೆ ಕೈಗೆ ಸಿಗೋ ಹಾಗೆ ಇರಲೇಬೇಕು. ಹಲಗೆ ಗಾಡಿಗೂ ಹಾಕಿ.

ಕೆಂಗೇರಿ_ಕಡೆಯವ

ಇವತ್ತು ಸಂಜೆ ಎಲ್ಲರೂ ಕೂತು ಇದನ್ನೆಲ್ಲ ಜೋರಾಗಿ ಓದಿದೆವು. ತೀರ್ಮಾನ ಹೇಳಿಬಿಡ್ತೀನಿ. ನಾಲ್ಕು ಚಕ್ರ, ರಾಕರ್, ಡಿಫರೆನ್ಷಿಯಲ್ ಬಾರ್. ಹಲಗೆ ಗಾಡಿ ಈ ತಿಂಗಳ ಕೊನೆಗೆ ಸಿಎಸ್‌ನವರ ಕೈಗೆ. ಈ ವರ್ಷ ನಮ್ಮ ದೇಶದ ಸ್ಪರ್ಧೆ ಮಾತ್ರ; ಯುಆರ್‌ಸಿ ವರದಿ ಬರೆದು ನಮ್ಮಲ್ಲೇ ಇಟ್ಟುಕೊಂಡು ಮುಂದಿನ ವರ್ಷ ಕಳಿಸ್ತೀವಿ. ಬಯೋಟೆಕ್‌ನಿಂದ ಮೂರು ಜನ ಬಂದಿದ್ದಾರೆ. ಡಿಪ್ಲೊಮಾದವರಿಗೆ ನಾವೇ ಕ್ಲಾಸಿಗೆ ಹೋಗಿ ಕನ್ನಡದಲ್ಲೇ ಹೇಳಿ ಬಂದಿದ್ದೀವಿ, ಇಂಟರ್‌ವ್ಯೂ ತೆಗೆದುಹಾಕಿದ್ದೀವಿ. ಬಾಗಲಕೋಟೆ ತಂಗಿ ಹೇಳಿದ ಗೇರ್‌ಬಾಕ್ಸ್ ಟೇಬಲ್ ಸೋಮವಾರ ಇಡ್ತೀವಿ. ಜೋಡಣೆ ಕೆಲಸ ಇನ್ನು ಮೇಲೆ ಶನಿವಾರ ಬೆಳಿಗ್ಗೆ.

ಯಜಮಾನ್ರೇ, ರಾಕರ್ ಡ್ರಾಯಿಂಗ್ ಹತ್ತು ದಿನದಲ್ಲಿ ತಯಾರಾಗುತ್ತೆ. ಭಾನುವಾರ ತಂದು ತೋರಿಸಬಹುದಾ?

ಪೀಣ್ಯ_ಶೆಡ್

ಭಾನುವಾರ ಶೆಡ್ ಬಾಗಿಲು ಹಾಕಿರುತ್ತೆ, ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಬನ್ನಿ. ಪೀಣ್ಯ ಇಂಡಸ್ಟ್ರಿ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ಇಲ್ಲೇ ಮೆಸೇಜ್ ಹಾಕಿ, ಹುಡುಗನ್ನ ಕಳಿಸ್ತೀನಿ. ಮೊಬೈಲ್‌ನಲ್ಲಿ ತೋರಿಸಬೇಡಿ, ಎ3 ಶೀಟಲ್ಲಿ ಪ್ರಿಂಟ್ ತನ್ನಿ. ಬೇರಿಂಗ್ ನಂಬರ್ ಬರೀರಿ, ಆದ್ರೆ ಬೇರಿಂಗೇ ಕೈಯಲ್ಲಿ ಹಿಡ್ಕೊಂಡು ಬಂದ್ರೆ ಇನ್ನೂ ಒಳ್ಳೇದು, ಅಳೆದು ಬೋರ್ ಹೊಡೀತೀನಿ. ಲೇತ್ ಮೇಲೆ ನಿಲ್ಲೋ ಆಸೆ ಇರೋವ್ರು ಇಬ್ಬರು ಶೂ ಹಾಕ್ಕೊಂಡು ಬರ್ಲಿ.